ಪೂಜಾರಿಯಲ್ಲದ ಪಾತ್ರಕ್ಕೂ ಒಬ್ಬ ದೇವರು: ಮನೆದೇವರೋ, ಹರಕೆಯೋ, ಕಸುಬೋ, ಭಯವೋ?

ನಮ್ಮದು ದಾವಣಗೆರೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಐದು ಜನರ ಗುಂಪು. ಊಟ ಮುಗಿಸಿ ಬರುತ್ತೇವೆ, ನಾಲ್ಕು ಗಂಟೆಗೆ ಮಂಡಕ್ಕಿ ಮೆಣಸಿನಕಾಯಿ ತರಿಸುತ್ತೇವೆ, ಕತ್ತಲಾಗುವ ತನಕ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಫ್ಯಾಂಟಸಿ ಲೋಕದ ಕಥೆ ಕಟ್ಟುವ ಆಟ ಇದು. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗ ಒಬ್ಬ ಫೈಟರ್, ಅಂದರೆ ಕತ್ತಿ ಹಿಡಿದು ಕಾದಾಡುವವನ ಪಾತ್ರ, ಮಾಡಿಕೊಂಡು ಬಂದ. ಹೆಸರು, ಊರು, ಕತ್ತಿ, ಗುರಾಣಿ ಎಲ್ಲ ಬರೆದಿದ್ದ. "ನಿನ್ನ ಪಾತ್ರದ ದೇವರು ಯಾರು?" ಅಂತ ಕೇಳಿದೆ.

"ಅಣ್ಣ, ನಾನು ಕ್ಲೆರಿಕ್ ಅಲ್ವಲ್ಲ" ಅಂದ. ಕ್ಲೆರಿಕ್ ಅಂದರೆ ಆಟದಲ್ಲಿ ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ.

"ನಿಮ್ಮ ಮನೆದೇವರು ಯಾರು?"

"ಉಚ್ಚಂಗೆಮ್ಮ." ಯೋಚನೆ ಕೂಡ ಮಾಡಲಿಲ್ಲ.

"ಹಾಗಾದರೆ ನೀನು ಉಚ್ಚಂಗೆಮ್ಮನ ಪೂಜಾರಿಯಾ?" ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ಸಿಲ್ ಕೈಗೆ ತೆಗೆದುಕೊಂಡ. ಆವತ್ತು ಅವನ ಜೊತೆ ಕೂತು ಮಾತಾಡಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಇದಕ್ಕೆ ಒಂದು ಪದ ಆಗಲೇ ಇದೆ. ಒಕ್ಕಲು. ನಮ್ಮ ಮೂಲ ಚಳ್ಳಕೆರೆ ಕಡೆ, ನಾವು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಒಕ್ಕಲು. ಮನೆಯಲ್ಲಿ ಯಾರೂ ಪೂಜಾರಿ ಅಲ್ಲ, ಮಂತ್ರ ಯಾರಿಗೂ ಬರುವುದಿಲ್ಲ. ಆದರೂ ತಲೆಮಾರಿಗೊಬ್ಬ ತಿಪ್ಪೇಸ್ವಾಮಿ ಇದ್ದೇ ಇರುತ್ತಾನೆ, ತೇರಿಗೆ ಎಲ್ಲಿದ್ದರೂ ಹೋಗುತ್ತೇವೆ, ಗುಡಿ ಮುಂದೆ ಕೊಬ್ಬರಿ ಸುಟ್ಟು ಬರುತ್ತೇವೆ. ಬೋರ್‌ವೆಲ್ ಕೊರೆಸುವ ಮೊದಲು, ಸಾಲಕ್ಕೆ ಸಹಿ ಹಾಕುವ ಮೊದಲು, ಹೆಣ್ಣು ನೋಡಲು ಹೊರಡುವ ಮೊದಲು ಆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಬಹಳ ಜನರಿಗೆ ದೇವರು ಅಂದರೆ ಇಷ್ಟೇ, ಅಲ್ವಾ? ಇನ್ನು ಫ್ಯಾಂಟಸಿ ಲೋಕದಲ್ಲಿ ದೇವರು ನಿಜವಾಗಿಯೂ ಗಾಯ ಮಾಯಿಸುತ್ತಾರೆ, ಸತ್ತವರನ್ನು ಎಬ್ಬಿಸುತ್ತಾರೆ. ಅಂಥ ಲೋಕದಲ್ಲಿ ಬೆಳೆದ ಸಿಪಾಯಿಗೋ ಕಳ್ಳನಿಗೋ ಯಾವ ದೇವರ ಹೆಸರೂ ಬಾಯಿಗೆ ಬರುವುದಿಲ್ಲ ಅಂದರೆ, ಕಾರಣ ಬೇಕಾಗಿರುವುದು ಅದಕ್ಕೇ.

ತಪ್ಪು ಆಟಗಾರರದ್ದಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಬಂದಾಗಲೇ ಕ್ಲೆರಿಕ್ ಅಂತ ಒಂದು ಬೇರೆ ವರ್ಗ ಇತ್ತು, ದೇವರ ಕೆಲಸ ಅವರದ್ದು ಅನ್ನುವ ರೂಢಿ ಬೆಳೆದುಬಿಟ್ಟಿತು. ಮೂರನೇ ಆವೃತ್ತಿಯಲ್ಲಿ ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟಿನಲ್ಲಿ ಎಲ್ಲರಿಗೂ ದೇವರ ಹೆಸರು ಬರೆಯಲು ಒಂದು ಜಾಗ ಇತ್ತು. 2014ರ ಐದನೇ ಆವೃತ್ತಿಯ ಶೀಟಿನಲ್ಲಿ ಅದೂ ಹೋಯಿತು. 2023ರ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಆಟದಲ್ಲಿ ಕ್ಲೆರಿಕ್ ಮಾಡಿಕೊಂಡರೆ ಮಾತ್ರ ದೇವರ ಪಟ್ಟಿ ತೆರೆದುಕೊಳ್ಳುತ್ತದೆ. ಇದನ್ನೆಲ್ಲ ನೋಡಿ ಬಂದವರು ಆ ಜಾಗ ಖಾಲಿ ಬಿಡುವುದು ಸಹಜ.

ನನ್ನ ಮಾತು ಒಂದೇ. ಯಾವ ದೇವರು ಅಂತ ಪಟ್ಟಿ ಹುಡುಕುವ ಮೊದಲು, ಆ ದೇವರ ಜೊತೆ ನಿಮ್ಮ ಪಾತ್ರಕ್ಕೆ ಏನು ಲೆಕ್ಕ ಇದೆ ಅಂತ ತೀರ್ಮಾನ ಮಾಡಿ. ಹೆಸರು ಆಮೇಲೆ ತಾನಾಗಿ ಸಿಗುತ್ತದೆ. ಆ ಲೆಕ್ಕಗಳನ್ನು ತೂಗುವಾಗ ನಾನು ಕೇಳಿಕೊಳ್ಳುವುದು ಇಷ್ಟು: ಇದು ಆಟದಲ್ಲಿ ಎಷ್ಟು ಸಲ ಬರುತ್ತದೆ, ಇದಕ್ಕಾಗಿ ಪಾತ್ರ ಏನಾದರೂ ಕಳೆದುಕೊಳ್ಳಬೇಕಾಗುತ್ತದಾ, ಆಟ ನಡೆಸುವ ಡಿಎಂ ಕೈಗೆ ಎಳೆಯಲು ಒಂದು ದಾರ ಸಿಗುತ್ತದಾ.

ಹರಕೆ

ಮೊದಲ ಸಲ ಆಡುವವರಿಗೆ ನಾನು ಹೇಳುವುದು ಇದನ್ನೇ. ಕೇಳಿಕೊಂಡಿದ್ದು ಒಂದು, ಕೊಡುತ್ತೇನೆ ಅಂದಿದ್ದು ಒಂದು. ಆ ದೇವರ ಕಥೆ ಪೂರ್ತಿ ಓದಬೇಕಿಲ್ಲ, ಎರಡು ಸಾಲಲ್ಲಿ ಬರೆದು ಮುಗಿಸಬಹುದು, ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ.

ಹೋದ ವರ್ಷ ನಾನು ಒಬ್ಬ ಕಳ್ಳಿಯ ಪಾತ್ರ ಆಡಿದೆ. ಡಂಜನ್ಸ್ ಅಂಡ್ ಡ್ರಾಗನ್ಸಿನ ಫರ್ಗಾಟನ್ ರೆಲ್ಮ್ಸ್ ಅನ್ನುವ ಲೋಕದಲ್ಲಿ ಟೈಮೋರಾ ಅಂತ ಅದೃಷ್ಟದ ದೇವತೆ ಇದ್ದಾಳೆ, ಸಾಹಸಕ್ಕೆ ಹೊರಟವರೆಲ್ಲ ಅವಳ ಹೆಸರು ಹೇಳುತ್ತಾರೆ. ನನ್ನ ಕಳ್ಳಿ ಜೈಲಲ್ಲಿದ್ದಾಗ "ಇವತ್ತು ರಾತ್ರಿ ಈ ಬೀಗ ತೆಗೆದರೆ ನಿನ್ನ ಗುಡಿಗೆ 51 ಚಿನ್ನದ ನಾಣ್ಯ" ಅಂತ ಹರಕೆ ಹೊತ್ತಳು. ಬೀಗ ತೆಗೆಯಿತು. ಮುಂದೆ ಕೈಗೆ ಬಂದ ಮೊದಲ ದುಡ್ಡಲ್ಲಿ 51 ತೆಗೆದಿಟ್ಟು ಶೀಟಿನ ಮೂಲೆಯಲ್ಲಿ ಒಂದು ಪುಟ್ಟ ಗಂಟಿನ ಚಿತ್ರ ಬಿಡಿಸಿ "ಮುಡಿಪು" ಅಂತ ಬರೆದೆ. ಇದು ನಮ್ಮ ಅಮ್ಮನಿಂದ ಕಲಿತದ್ದು. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡು, ಒಳಗೆ ನೂರೊಂದು ರೂಪಾಯಿ, ಬಿಗಿಯಾಗಿ ಗಂಟು ಹಾಕಿ ದೇವರ ಫೋಟೋ ಹಿಂದೆ. ಮನೆಯಲ್ಲಿ ಸಿಲಿಂಡರಿಗೆ ದುಡ್ಡು ಸಾಲದ ದಿನವೂ ಅಮ್ಮ ಅದಕ್ಕೆ ಕೈ ಹಚ್ಚಿದ್ದನ್ನು ನಾನು ನೋಡಿಲ್ಲ.

ಮೂರು ವಾರದ ನಂತರ ನಮ್ಮ ಮಂತ್ರಗಾರ ಸಾಯುವ ಸ್ಥಿತಿಗೆ ಬಂದ. ಆ ಆಟದಲ್ಲಿ ಗಾಯ ಮಾಯಿಸುವ ಮದ್ದಿನ ಒಂದು ಸೀಸೆಗೆ 50 ಚಿನ್ನ. ನಮ್ಮ ನಾಲ್ವರ ಹತ್ತಿರ ಸೇರಿ 12 ಇತ್ತು. ಎಲ್ಲರೂ ನನ್ನ ಶೀಟಿನ ಮೂಲೆ ನೋಡಿದರು. ಹತ್ತು ನಿಮಿಷ ಯಾರೂ ದಾಳ ಮುಟ್ಟಲಿಲ್ಲ. ಒಬ್ಬರು "ದೇವರ ದುಡ್ಡು, ಬೇಡ" ಅಂದರು, ಇನ್ನೊಬ್ಬರು "ಜೀವಕ್ಕಿಂತ ದೊಡ್ಡದಾ?" ಅಂದರು. ಕೊನೆಗೆ ಗಂಟು ಬಿಚ್ಚಿದೆ. ಆಮೇಲೆ ಟೈಮೋರಾ ಗುಡಿ ಸಿಕ್ಕಾಗ 51ಕ್ಕೆ ಇನ್ನೊಂದು 51 ತಪ್ಪುಕಾಣಿಕೆ ಸೇರಿಸಿ 102 ಕಟ್ಟಿದೆ. ಆ ದುಡ್ಡು ಕೂಡಿಸಲು ಎರಡು ತಿಂಗಳ ಭಾನುವಾರಗಳು ಹಿಡಿದವು. ಅಷ್ಟೂ ದಿನ ಗುಂಪಿನವರೆಲ್ಲ "ಮುಡಿಪು ಎಷ್ಟಾಯ್ತು?" ಅಂತ ಕೇಳುತ್ತಿದ್ದರು. ಒಂದು ಕತ್ತಿ, ಒಂದು ಮಂತ್ರ ಕೂಡ ಹೀಗೆ ಎಲ್ಲರನ್ನೂ ಹಿಡಿದಿಟ್ಟಿದ್ದು ನನಗೆ ನೆನಪಿಲ್ಲ.

ಹರಕೆಯ ಒಂದೇ ತೊಂದರೆ ಅಂದರೆ ತೀರಿದ ಮೇಲೆ ತೀರಿತು. ಹಾಗಾಗಿ ತೀರಿಸಲು ಸ್ವಲ್ಪ ಕಷ್ಟವಾಗುವಂಥದ್ದನ್ನೇ ಹೊತ್ತುಕೊಳ್ಳಿ. ದುಡ್ಡಿಗಿಂತ ವಸ್ತು ಚೆನ್ನ, ವಸ್ತುವಿಗಿಂತ ಮಾಡಬೇಕಾದ ಕೆಲಸ ಚೆನ್ನ.

ಇದರ ಪಕ್ಕದ್ದೇ ಋಣ. ಚಿಕ್ಕಂದಿನಲ್ಲಿ ಜ್ವರ ಬಂದು ಸಾಯುವವನನ್ನು ಒಬ್ಬ ಕ್ಲೆರಿಕ್ ಉಳಿಸಿದ, ಆವತ್ತಿನಿಂದ ಆ ದೇವರು ಅನ್ನುವ ಥರದ್ದು. ಕೇಳಲು ಚೆನ್ನಾಗಿರುತ್ತದೆ, ಆದರೆ ಬಾಕಿ ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ, ನಾಲ್ಕನೇ ವಾರಕ್ಕೆ ಮರೆತೇ ಹೋಗುತ್ತದೆ. ಋಣವೇ ಬೇಕು ಅಂದರೆ ಅದಕ್ಕೊಂದು ಹರಕೆ ಜೋಡಿಸಿ.

ಮನೆದೇವರು

ವರ್ಷಗಟ್ಟಲೆ ನಡೆಯುವ ಆಟಕ್ಕೆ ನನ್ನ ಮತ ಮನೆದೇವರಿಗೆ. ಇದು ಪಾತ್ರ ಆರಿಸಿಕೊಂಡಿದ್ದಲ್ಲ, ಹುಟ್ಟಿನಿಂದ ಬಂದದ್ದು. ಭಕ್ತಿ ಜಾಸ್ತಿ ಇರಬೇಕು ಅಂತಲೂ ಇಲ್ಲ. ಗುಡಿಗೆ ಹೋಗುವುದನ್ನು ಬಿಟ್ಟು ಹತ್ತು ವರ್ಷವಾದವನೂ ಕಾಲು ಎಡವಿದಾಗ ಆ ಹೆಸರನ್ನೇ ಕೂಗುತ್ತಾನೆ. ಅದೇ ಇದರ ಗಟ್ಟಿತನ.

ಆದರೆ ಸುಮ್ನೆ "ನಮ್ಮ ಮನೆದೇವರು ಚಾಂಟಿಯಾ" ಅಂತ ಬರೆದರೆ ಏನೂ ಆಗುವುದಿಲ್ಲ. ಚಾಂಟಿಯಾ ಅಂದರೆ ಅದೇ ಫರ್ಗಾಟನ್ ರೆಲ್ಮ್ಸಿನ ಬೆಳೆ, ಹೊಲ, ಕೊಯ್ಲಿನ ದೇವತೆ. ಮೂರು ವಿವರ ಬೇಕು: ಮನೆತನದಲ್ಲಿ ಓಡಾಡುವ ಒಂದು ಹೆಸರು, ವರ್ಷಕ್ಕೊಂದು ದಿನ, ಮತ್ತು ಈ ಮನೆಯವರು ಮಾಡದ ಒಂದು ಕೆಲಸ. ಮೂರನೆಯದೇ ಮುಖ್ಯ. ಚಿತ್ರದುರ್ಗ ಜಿಲ್ಲೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ಕೋಳಿ ತಿನ್ನುವುದಿಲ್ಲ. ಹೊರಗಿನವರಿಗೆ ಇದು ಸಣ್ಣ ವಿಷಯ, ಒಳಗಿನವರಿಗೆ ತಾವು ಯಾರು ಅನ್ನುವುದರ ಗುರುತು. ಪಾತ್ರಕ್ಕೂ ಇಂಥದ್ದೊಂದು ಕೊಡಿ.

ನಮ್ಮ ಗುಂಪಿನ ಒಬ್ಬರ ಪಾತ್ರ ಬಾರ್ಬೇರಿಯನ್, ಅಂದರೆ ಒರಟು ಯೋಧ, ರೈತರ ಮನೆಯವನು. ಅವನ ಮನೆದೇವರು ಚಾಂಟಿಯಾ. ಇವರ ಮನೆಯವರು ಬಿತ್ತಿದ ಹೊಲ ತುಳಿಯುವುದಿಲ್ಲ ಅಂತ ಬರೆದುಕೊಂಡಿದ್ದರು. ಒಂದು ದಿನ ಡಿಎಂ ಕಾಳಗವನ್ನು ಹೊಲದಲ್ಲೇ ಇಟ್ಟರು. ಎಲ್ಲರೂ ಪೈರಿನ ನಡುವೆ ನುಗ್ಗಿದರು, ಇವರು ಮಾತ್ರ ಬದುವಿನ ಮೇಲೆ ಸುತ್ತಿಕೊಂಡು ಬಂದರು. ಎರಡು ಸರದಿ ಹೋಯಿತು. ಆ ಎರಡು ಸರದಿಯಲ್ಲಿ ನನ್ನ ಪಾತ್ರ ಎರಡು ಏಟು ತಿಂದಿತು, ನನಗೆ ಬೇಜಾರಾಗಲಿಲ್ಲ. ಆ ದೊಡ್ಡ ಕೊಡಲಿ ಹಿಡಿದ ಮನುಷ್ಯ ಬದುವಿನ ಮೇಲೆ ಓಡಿ ಬರುವುದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಆ ಹೊಲದ ಮುದುಕಿ ನಮಗೆ ರಾತ್ರಿ ತಂಗಲು ಜಾಗ ಕೊಟ್ಟಿದ್ದೂ ಇವರ ಮುಖ ನೋಡಿ.

ಕಸುಬಿನ ದೇವರು

ಆಯುಧಪೂಜೆ ದಿನ ದಾವಣಗೆರೆಯ ಲೇತ್ ಅಂಗಡಿಗಳ ಮುಂದೆ ಓಡಾಡಿದರೆ ಇದು ಏನು ಅಂತ ಹೇಳಿಕೊಡಬೇಕಿಲ್ಲ. ಮೆಷಿನ್ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಲಾರಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಅನ್ನ ಕೊಡುವ ಸಾಮಾನಿಗೆ ಕೈ ಮುಗಿಯುವುದು. ಆಟದಲ್ಲೂ ಇದು ಎಲ್ಲಕ್ಕಿಂತ ಸುಲಭ: ಕಮ್ಮಾರನಿಗೆ ಗೋಂಡ್, ವ್ಯಾಪಾರಿಗೆ ವಾಕೀನ್, ಕಳ್ಳನಿಗೆ ಮಾಸ್ಕ್, ಮಂತ್ರಗಾರನಿಗೆ ಮಿಸ್ಟ್ರಾ, ಸಿಪಾಯಿಗೆ ಟೆಂಪಸ್.

ಸುಲಭ ಅನ್ನುವುದೇ ಇದರ ಕೊರತೆ. ಪಾತ್ರದ ವರ್ಗ ಏನು ಹೇಳುತ್ತದೋ ಅದನ್ನೇ ದೇವರೂ ಹೇಳಿದರೆ ಹೊಸದೇನು ಸಿಕ್ಕಿತು? ಕಾಳಗ ಮಾಡುವವನು ಕಾಳಗದ ದೇವರನ್ನು ನಂಬುತ್ತಾನೆ, ಅಷ್ಟೇ. ಇದನ್ನು ಸರಿಮಾಡಲು ನಾನು ಎರಡು ದಾರಿ ನೋಡಿದ್ದೇನೆ. ಒಂದು, ಈಗಿನ ಕಸುಬು ಬಿಟ್ಟು ಹಿಂದಿನ ಕಸುಬಿನ ದೇವರನ್ನು ಇಟ್ಟುಕೊಳ್ಳುವುದು, ಕತ್ತಿ ಹಿಡಿಯುವ ಮೊದಲು ಮಗ್ಗದಲ್ಲಿ ಕೂತವನು ಆ ಮಗ್ಗದ ದೇವರನ್ನು ಬಿಡದಿರುವುದು. ಎರಡು, ಕಸುಬಿನ ಶಿಸ್ತನ್ನು ಹಿಡಿಯುವುದು. ಪಾಥ್‌ಫೈಂಡರ್ ಅನ್ನುವ ಇದೇ ಥರದ ಇನ್ನೊಂದು ಆಟದಲ್ಲಿ ಟೋರಾಗ್ ಅನ್ನುವ ಕುಲುಮೆಯ ದೇವರಿದ್ದಾನೆ. ಬೇಕಂತಲೇ ಕಳಪೆ ಕೆಲಸ ಮಾಡುವುದು ಅವನಿಗೆ ನಿಷಿದ್ಧ. ರಾತ್ರೋರಾತ್ರಿ ಮುರುಕಲು ಸೇತುವೆಗೆ ಹೇಗೋ ಹಲಗೆ ಬಡಿದು ದಾಟಬೇಕಾದಾಗ ಟೋರಾಗನ ಒಕ್ಕಲು ಏನು ಮಾಡುತ್ತಾನೆ? ಅಲ್ಲಿ ಆಟ ಹುಟ್ಟುತ್ತದೆ.

ಭಯ

ಆಟಗಾರರು ಇದನ್ನು ಮುಟ್ಟುವುದೇ ಕಡಿಮೆ. ಕೆಟ್ಟ ದೇವರನ್ನು ನಂಬುವವರು ಕೆಟ್ಟವರು ಅಂತ ಲೆಕ್ಕ ಹಾಕಿಬಿಡುತ್ತಾರೆ. ನಮ್ಮ ಕಡೆ ಬೆಳೆದವರಿಗೆ ಹಾಗಲ್ಲ ಅಂತ ಗೊತ್ತಿರಬೇಕು. ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಆಗಿದೆ" ಅನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ, ಒಗ್ಗರಣೆ ಹಾಕುವುದಿಲ್ಲ, ಮನೆಯಲ್ಲಿ ಜೋರಾಗಿ ಮಾತಾಡುವುದಿಲ್ಲ. ಸಿಡುಬು ಭೂಮಿಯಿಂದಲೇ ಹೋಯಿತು ಅಂತ 1980ರಲ್ಲಿ ಸಾರಿದರು, ಇವತ್ತಿಗೂ ಸೀತಾಳೆ ಸಿಡುಬಿಗೆ ನಾವು ಕರೆಯುವುದು ಅಮ್ಮ ಅಂತಲೇ. ಕಷ್ಟ ಕೊಡುವವಳೂ ಅವಳೇ, ಕಾಯುವವಳೂ ಅವಳೇ, ಕರೆಯುವುದು ತಾಯಿ ಅಂತ. ಭಯ, ಪ್ರೀತಿ ಎರಡೂ ಒಂದೇ ಹರಿವಾಣದಲ್ಲಿ ಇರುತ್ತವೆ.

ಈ ಕಣ್ಣಲ್ಲಿ ಅಂಬರ್ಲಿಯನ್ನು ನೋಡಿ. ಫರ್ಗಾಟನ್ ರೆಲ್ಮ್ಸಿನ ಸಮುದ್ರದ ದೇವತೆ, ಹಡಗು ಮುಳುಗಿಸುವವಳು. ಪುಸ್ತಕದಲ್ಲಿ ಅವಳು ದುಷ್ಟೆ, ನಾವಿಕರು ಹೆದರಿ ಕಾಣಿಕೆ ಸಮುದ್ರಕ್ಕೆ ಎಸೆಯುತ್ತಾರೆ. ನಮ್ಮ ಗುಂಪಿನ ನಾವಿಕನ ಪಾತ್ರ ಅವಳನ್ನು "ಅಮ್ಮ" ಅಂತ ಕರೆಯಲು ಶುರುಮಾಡಿದ. ಹಡಗು ಹತ್ತುವ ಮೊದಲು ಮೊದಲ ತುತ್ತು ನೀರಿಗೆ. ಗುಂಪಿನ ಪಾಲಡಿನ್‌ಗೆ (ಧರ್ಮಕ್ಕಾಗಿ ಕಾದಾಡುವ, ಪ್ರತಿಜ್ಞೆ ಹೊತ್ತ ಯೋಧ) ಇದು ಸರಿಬರಲಿಲ್ಲ, ದುಷ್ಟ ದೇವತೆಗೆ ಎಡೆ ಇಡುವವನ ಜೊತೆ ಒಂದೇ ಹಡಗಲ್ಲಿ ಹೇಗಿರುವುದು ಅಂತ. ಬಿರುಗಾಳಿ ಬಂದ ದಿನ ಆ ಪಾಲಡಿನ್ನೇ ತನ್ನ ರೊಟ್ಟಿ ಮುರಿದು ನಾವಿಕನ ಕೈಗೆ ಕೊಟ್ಟ. ಇದಕ್ಕಿಂತ ಒಳ್ಳೆಯ ಭಾನುವಾರ ನಮ್ಮ ಗುಂಪಿಗೆ ಬಂದಿಲ್ಲ.

ಒಂದು ಎಚ್ಚರಿಕೆ. ಭಯದ ದೇವರು ಡಿಎಂ ಮೇಲೆ ನಿಂತಿದೆ. ಹೆದರಿಕೆಗೆ ತಕ್ಕ ಹಾಗೆ ಆಗಾಗ ಅಲೆ ಏಳಬೇಕು. ಡಿಎಂ ಹೊಸಬರಾದರೆ ಇದನ್ನು ಬಿಟ್ಟು ಹರಕೆಗೆ ಹೋಗಿ.

ನಡತೆಗಾಗಿ ನಂಬುವವರು

ದೇವರು ಹೇಳಿದ ಹಾಗೆ ಬದುಕುವುದು. ಎಲ್ಲಕ್ಕಿಂತ ಕಷ್ಟದ್ದು, ಹಿಡಿದರೆ ಎಲ್ಲಕ್ಕಿಂತ ಆಳದ್ದು. ಹೆಚ್ಚಿನವರು ಸೋಲುವುದು ಮಾತು ದೊಡ್ಡದಾಗಿಬಿಡುವುದರಿಂದ: "ನನ್ನ ಪಾತ್ರ ನ್ಯಾಯವನ್ನು ನಂಬುತ್ತದೆ" ಅಂದರೆ ಭಾನುವಾರ ಮೂರು ಗಂಟೆಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ತಿಪ್ಪೇರುದ್ರಸ್ವಾಮಿಯ ಮಾತು ನಮ್ಮ ಕಡೆ ಮಕ್ಕಳಿಗೂ ಗೊತ್ತು: "ಮಾಡಿದಷ್ಟು ನೀಡು ಭಿಕ್ಷೆ." ಮೂರೇ ಪದ. ಎಷ್ಟು ದುಡಿದೆಯೋ ಅಷ್ಟೇ ಕೂಲಿ ತಗೋ, ಕೊಡುವವನೂ ಅಷ್ಟು ಕೊಡು. ಕೆರೆ ಕಟ್ಟಿಸಿದ ಆ ಸ್ವಾಮಿಯ ಬಾಯಲ್ಲಿ ಅದು ಕೂಲಿಯ ಲೆಕ್ಕ. ಇಂಥದ್ದೊಂದು ಸಾಲು ಪಾತ್ರಕ್ಕೆ ಇದ್ದರೆ ಕೊಳ್ಳೆ ಹಂಚುವಾಗ, ಆಳಿಗೆ ಕೂಲಿ ಕೊಡುವಾಗ, ಉಚಿತವಾಗಿ ಸಿಕ್ಕ ಉಂಗುರ ಹಾಕಿಕೊಳ್ಳುವಾಗ ಪ್ರತಿ ಸಲ ಪ್ರಶ್ನೆ ಏಳುತ್ತದೆ.

ಇನ್ನೊಂದು ಮಾದರಿ ನೋಡಬೇಕಾದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕಿಲಾರಿಗಳು. ದೇವರ ಎತ್ತುಗಳನ್ನು ಕಾಯುವವರು. ಆ ದನಗಳನ್ನು ಉಳುವುದಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಬರಗಾಲದಲ್ಲಿ ಮೇವು ಹುಡುಕಿಕೊಂಡು ಅವುಗಳ ಹಿಂದೆ ತಿರುಗುವುದೇ ಇವರ ಬದುಕು. ಗುಡಿಯೊಳಗೆ ಆರತಿ ಎತ್ತುವವರು ಬೇರೆ. ನಿಮ್ಮ ರೇಂಜರ್ ಅಥವಾ ಬಾರ್ಬೇರಿಯನ್ ಕಾಡಲ್ಲಿ ಯಾಕೆ ತಿರುಗುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ನನಗಂತೂ ಹೊಳೆದಿಲ್ಲ.

ಸತ್ತ ಮೇಲಿನ ಚಿಂತೆಗೆ ದೇವರನ್ನು ಹಿಡಿಯುವವರೂ ಇದ್ದಾರೆ. ಫರ್ಗಾಟನ್ ರೆಲ್ಮ್ಸಿನಲ್ಲಿ ಯಾವ ದೇವರನ್ನೂ ನಂಬದೆ ಸತ್ತವರ ಆತ್ಮವನ್ನು ಗೋಡೆಗೆ ಸೇರಿಸಿಬಿಡುವ ಕಥೆ ಇದೆ. ಹೆದರಿಕೆ ದೊಡ್ಡದು, ಆದರೆ ಕೆಲಸಕ್ಕೆ ಬರುವುದು ಪಾತ್ರ ಸತ್ತಾಗ. ಬೇರೆ ಕಾರಣದ ಜೊತೆ ಇಟ್ಟುಕೊಳ್ಳಿ, ಒಂಟಿಯಾಗಿ ಬೇಡ. ಯಾವ ದೇವರೂ ಬೇಡ ಅನ್ನುವ ಪಾತ್ರವೂ ಚೆನ್ನ, ಅದಕ್ಕೂ ಒಂದು ಕಾರಣ ಇದ್ದರೆ: ತೀರಿಸಿದ ಹರಕೆಗೆ ಫಲ ಸಿಗಲಿಲ್ಲ, ಮಗು ಉಳಿಯಲಿಲ್ಲ, ಆವತ್ತಿನಿಂದ ಗುಡಿ ಮುಂದೆ ಹಾದರೂ ತಲೆ ತಿರುಗಿಸುವುದಿಲ್ಲ. ಅದೂ ದೇವರ ಜೊತೆಗಿನ ಲೆಕ್ಕವೇ.

ನೀವು ಆಡುವ ಆಟ ಯಾವುದು ಅನ್ನುವುದೂ ನೋಡಬೇಕು

ಐದನೇ ಆವೃತ್ತಿಯ ಮೂಲ ನಿಯಮಗಳಲ್ಲಿ ಇದಕ್ಕೆ ಹೆಚ್ಚಿನ ಆಸರೆ ಇಲ್ಲ, ನೀವೇ ಕಟ್ಟಿಕೊಳ್ಳಬೇಕು. ಆದರೆ 2020ರಲ್ಲಿ ಬಂದ ಥೀರೋಸ್ ಲೋಕದ ಪುಸ್ತಕದಲ್ಲಿ ಭಕ್ತಿಗೆ ಅಂಕ ಇದೆ. ಯಾವ ವರ್ಗದ ಪಾತ್ರವೂ ಒಬ್ಬ ದೇವರನ್ನು ಹಿಡಿಯಬಹುದು, ಆ ದೇವರಿಗೆ ಒಪ್ಪುವ ಕೆಲಸ ಮಾಡಿದರೆ ಅಂಕ ಏರುತ್ತದೆ, ಒಪ್ಪದ್ದು ಮಾಡಿದರೆ ಇಳಿಯುತ್ತದೆ, 3, 10, 25, 50 ತಲುಪಿದಾಗ ವರ ಸಿಗುತ್ತದೆ. ಲೆಕ್ಕ ಇಷ್ಟಪಡುವವರಿಗೆ ಒಳ್ಳೆಯದು. ನನಗೆ ಅಂಕಕ್ಕಿಂತ ಗಂಟು ಇಷ್ಟ, ಯಾಕೆಂದರೆ ಅಂಕ ನೋಡಿಕೊಂಡು ಪುಣ್ಯ ಮಾಡುವುದು ಶುರುವಾಗುತ್ತದೆ.

2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿ ನನಗೆ ಹೆಚ್ಚು ಹಿಡಿಸಿತು. ಅಲ್ಲಿ ಪ್ರತಿ ದೇವರಿಗೂ ಮಾಡಬೇಕಾದದ್ದು, ಮಾಡಬಾರದ್ದು ಅಂತ ಚಿಕ್ಕ ಪಟ್ಟಿ ಇದೆ. ಕಟ್ಟುನಿಟ್ಟು ಇರುವುದು ಮುಖ್ಯವಾಗಿ ಕ್ಲೆರಿಕ್, ಚಾಂಪಿಯನ್ ಥರದವರಿಗೆ, ಆದರೆ ಬೇರೆಯವರೂ ಅದರಿಂದ ಒಂದು ಸಾಲು ಎತ್ತಿಕೊಳ್ಳಬಹುದು. ಸಾವಿನ ದೇವತೆ ಫರಾಸ್ಮಾಗೆ ಗೋರಿ ದೋಚುವುದು ನಿಷಿದ್ಧ. ಸಾಹಸಿಗಳ ಅರ್ಧ ಸಂಪಾದನೆ ಹಳೇ ಗೋರಿಗಳಿಂದಲೇ ಬರುವುದು, ಆ ಗುಂಪಲ್ಲಿ ಒಬ್ಬ ಫರಾಸ್ಮಾ ಒಕ್ಕಲು ಇದ್ದರೆ ಹೇಗಿರುತ್ತದೆ ಯೋಚಿಸಿ.

ರೂನ್‌ಕ್ವೆಸ್ಟ್ ಸಿಕ್ಕರೆ ಬಿಡಬೇಡಿ. 1978ರಿಂದ ಇರುವ ಆಟ. ಅದರ ಗ್ಲೊರಾಂಥಾ ಲೋಕದಲ್ಲಿ ರೈತ, ಸಿಪಾಯಿ, ವ್ಯಾಪಾರಿ ಎಲ್ಲರೂ ಒಂದಲ್ಲ ಒಂದು ದೇವರಿಗೆ ಸೇರಿದವರು, ದೀಕ್ಷೆ ಪಡೆದವರಿಗೆಲ್ಲ ಆ ದೇವರ ಮಂತ್ರಶಕ್ತಿ ಸಿಗುತ್ತದೆ, ಪೂಜಾರಿಗೆ ಮಾತ್ರ ಅಂತಿಲ್ಲ. ಸಾವಿನ ದೇವರು ಹುಮಕ್ತ್ ವರ ಕೊಟ್ಟರೆ ಅದರ ಜೊತೆಗೇ ಒಂದು ಕಟ್ಟಳೆಯನ್ನೂ ಹೊರಿಸುತ್ತಾನೆ. ನಮ್ಮ ಕಡೆಯವರಿಗೆ ಈ ಆಟ ಬೇಗ ಒಗ್ಗುತ್ತದೆ ಅಂತ ನನ್ನ ನಂಬಿಕೆ.

ಡಂಜನ್ಸ್ ಅಂಡ್ ಡ್ರಾಗನ್ಸಿನದೇ ಆದ ಎಬೆರಾನ್ ಲೋಕದಲ್ಲಿ ದೇವರು ಇದ್ದಾರೋ ಇಲ್ಲವೋ ಅನ್ನುವುದೇ ಖಚಿತವಿಲ್ಲ, ಅಲ್ಲಿ ಮನೆದೇವರು, ನಡತೆ ಎರಡೂ ಚೆನ್ನಾಗಿ ನಿಲ್ಲುತ್ತವೆ, ಭಯ ನಿಲ್ಲುವುದಿಲ್ಲ. ಡಾರ್ಕ್ ಸನ್‌ನಲ್ಲಿ ದೇವರೇ ಇಲ್ಲ, ಅಲ್ಲಿ ಈ ಬರಹ ಉಪಯೋಗಕ್ಕೆ ಬಾರದು.

ಹಾಗಾದರೆ ಯಾವುದು? ಒಂದೆರಡು ಭಾನುವಾರದ ಆಟಕ್ಕೆ ಹರಕೆ. ವರ್ಷದ ಆಟಕ್ಕೆ ಮನೆದೇವರು, ಮಾಡದ ಕೆಲಸ ಒಂದನ್ನು ಸೇರಿಸಿ. ಡಿಎಂ ಅನುಭವಸ್ಥರಾಗಿದ್ದು ಗುಂಪಲ್ಲಿ ಒಬ್ಬ ಪಾಲಡಿನ್ ಇದ್ದರೆ ಭಯ. ಯೋಚಿಸಲು ಸಮಯವೇ ಇಲ್ಲದಿದ್ದರೆ ಕಸುಬು. ನಡತೆ ಮಾತ್ರ ಎರಡನೇ ಅಥವಾ ಮೂರನೇ ಪಾತ್ರಕ್ಕೆ ಇಟ್ಟುಕೊಳ್ಳಿ.

ನಮ್ಮ ಹೊಸ ಹುಡುಗ ಎರಡನ್ನು ಬೆರೆಸಿದ. ಫೈಟರ್ ಹುಟ್ಟಿದಾಗ ಉಸಿರಾಡಲಿಲ್ಲವಂತೆ. ಅವನ ಅಜ್ಜಿ ಟೆಂಪಸ್‌ಗೆ ಹರಕೆ ಹೊತ್ತಳು: ಕೂಸು ಉಳಿದರೆ, ಅವನು ಕಾಳಗದಲ್ಲಿ ಗೆದ್ದ ಮೊದಲ ಕತ್ತಿ ನಿನ್ನ ಗುಡಿಗೆ. ಹೊತ್ತವಳು ಅಜ್ಜಿ, ತೀರಿಸಬೇಕಾದವನು ಇವನು. ನಮ್ಮ ಮನೆಗಳಲ್ಲಿ ಆಗುವುದೂ ಹೀಗೇ. ಹೋದ ವಾರ ಡಿಎಂ ಸತ್ತ ಸರದಾರನ ಪಕ್ಕ ಒಂದು ಮಾಯದ ಕತ್ತಿ ಇಟ್ಟರು, ಏಟಿಗೂ ಗಾಯಕ್ಕೂ ಒಂದೊಂದು ಹೆಚ್ಚು ಸೇರಿಸುವ ಕತ್ತಿ, ನಮ್ಮ ಗುಂಪಿಗೆ ಸಿಕ್ಕ ಮೊದಲನೆಯದು. ಹುಡುಗ ಅದನ್ನು ಶೀಟಿನಲ್ಲಿ ಬರೆದುಕೊಂಡ, ಪಕ್ಕದಲ್ಲಿ ಒಂದು ಗಂಟಿನ ಚಿತ್ರ ಬಿಡಿಸಿದ. ಮಾತಾಡಲಿಲ್ಲ. ಟೆಂಪಸ್ ಗುಡಿ ಇರುವ ಊರು ಇನ್ನು ಎರಡು ದಿನದ ದಾರಿ, ನಡುವೆ ಕಣಿವೆಯಲ್ಲಿ ಕಳ್ಳರಿದ್ದಾರೆ ಅಂತ ಸುದ್ದಿ ಬಂದಿದೆ.